ತಲೆದಿಂಬಿನೊಳಗಿನ ನೋಟ್‌ಬುಕ್

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಮೌನೇಶ ಮೇಷ್ಟ್ರು ತೀರಿಕೊಂಡ ಸುದ್ದಿ ಅದೇ ತಾಲ್ಲೂಕಿನ ಅರಸೀಕೆರೆಗೆ ಬಂದದ್ದು ೨೦೦೪ರ ಜೂನ್ ತಿಂಗಳ ಒಂದು ಸೋಮವಾರ. ಎಸ್‌ಟಿಡಿ ಅಂಗಡಿಯವನು ಓಡಿ ಬಂದು ಹೇಳಿದಾಗ ಅವರ ಅಕ್ಕ ದ್ಯಾಮಕ್ಕ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಕರಿಯಾಯಿತು, ಆಕೆ ನೋಡಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಸತ್ತವರ ಹಾಸಿಗೆಯನ್ನು ಮಡಿವಾಳರಿಗೆ ಕೊಡುವುದು ಅವರ ಮನೆತನದ ಪದ್ಧತಿ. ಕೊಟ್ಟದ್ದನ್ನು ಮತ್ತೆ ಹೊಸ್ತಿಲೊಳಗೆ ತಂದರೆ ಹೋದ ಜೀವ ಅದರ ಬೆನ್ನು ಹತ್ತಿ ಬಂದು ಮನೆಯಲ್ಲೇ ಸುಳಿಯುತ್ತದೆ ಎಂಬ ನಂಬಿಕೆ. ಮಣ್ಣು ಮಾಡಿ ಬಂದ ಮೇಲೆ ದ್ಯಾಮಕ್ಕ ತಾನೇ ತಲೆದಿಂಬಿನ ಸಮೇತ ಹಾಸಿಗೆ ಸುತ್ತಿ ಮಡಿವಾಳರ ಮರುಳಸಿದ್ದಮ್ಮನಿಗೆ ಕೊಟ್ಟಳು.

ಐದನೆಯ ದಿನ ಕೀರ್ತನಾ ಬಂದಳು. ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ನಪಾಸಾಗಿ, ಮೇಷ್ಟ್ರ ಹತ್ತಿರ ಸಂಜೆ ಪಾಠಕ್ಕೆ ಬರುತ್ತಿದ್ದ ಹುಡುಗಿ.

“ಅಜ್ಜಿ, ಸೋಮವಾರ ಪರೀಕ್ಷಿ ಐತ್ರಿ. ಈ ಸಲನೂ ಹೋದ್ರ ಅಪ್ಪ ಓದು ಬಿಡಸ್ತಾನ. ಮೇಷ್ಟ್ರು ನನಗಂತ ಬರೆದಿದ್ದ ನೋಟ್‌ಬುಕ್ ಕೊಡ್ರಿ. ತಲಿದಿಂಬಿನ ಚೀಲದಾಗ ಇಡ್ತಿದ್ರು.”

ಆ ದಿಂಬು ಹಾಸಿಗೆಯ ಜೊತೆ ಮರುಳಸಿದ್ದಮ್ಮನ ಮನೆ ಸೇರಿತ್ತು. ವಾಪಸು ಕೇಳಿದರೆ ತಮ್ಮನಿಗೆ ಶಾಂತಿಯಿಲ್ಲ. ಕೇಳದಿದ್ದರೆ ಈ ಹುಡುಗಿಯ ಓದು ಇಲ್ಲಿಗೇ ಮುಗಿಯಿತು. ಹುಡುಗಿಯ ಕಣ್ಣೀರು ನೋಡಲಾರದೆ ದ್ಯಾಮಕ್ಕ ಅವಳನ್ನು ಕರೆದುಕೊಂಡು ಮರುಳಸಿದ್ದಮ್ಮನ ಅಂಗಳದವರೆಗೆ ನಡೆದಳು.

ಇವರನ್ನು ಕಂಡು ಮರುಳಸಿದ್ದಮ್ಮನೇ ಮೊದಲು ಬಾಯಿಬಿಟ್ಟಳು. “ಯಕ್ಕಾ, ನಿನ್ನ ತಮ್ಮ ದಿಂಬಿನಾಗ ಹತ್ತಿ ಬದ್ಲಿ ಇಂಗ್ಲೀಷು ತುಂಬ್ಯಾನ! ನನ್ನ ಕುತ್ತಿಗಿ ಹಿಡದೈತಿ.”

“ಕೊಟ್ಟಿದ್ದು ಹೆಂಗ ಕೇಳ್ಲಿ, ಸಿದ್ದವ್ವ?”

“ನೀ ಯಾಕ ಕೇಳ್ತಿ? ಅದೀಗ ನಂದು. ನಂದನ್ನ ನಾ ಯಾರಿಗರ ಕೊಡ್ತೀನಿ. ತಗಾ ಮಗಳೇ. ಅಕ್ಕನ ಹೊಸ್ತಿಲ ದಾಟಿಸಬ್ಯಾಡ, ಇಲ್ಲೇ ಕುಂತು ಓದು.”

ಹೊತ್ತ ಮೂಟೆ ಇಳಿದಂತಾಗಿ ದ್ಯಾಮಕ್ಕ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಕೀರ್ತನಾ ಕೊನೆಯ ಪುಟ ತೆರೆದಳು. “ಹ್ಯಾಂಡ್ ಅಂದ್ರ ಬರೀ ಕೈ ಅಲ್ಲಂತ್ರಿ ಅಜ್ಜಿ. ಗಡಿಯಾರದ ಮುಳ್ಳು, ಕೂಲಿಯಾಳು, ಬರೆಯೋ ಅಕ್ಷರ, ಇಸ್ಪೀಟಿನಾಗ ಬಂದ ಎಲಿ, ಮಾಡಿದ ಸಹಾಯ, ಎಲ್ಲಾನೂ ಹ್ಯಾಂಡೇ.”

“ಪಾಪ, ಒಂದು ಕೈಗೆ ಇಷ್ಟೊಂದು ಚಾಕರಿನಾ!” ಎಂದಳು ಮರುಳಸಿದ್ದಮ್ಮ. ಐದು ದಿನಗಳಲ್ಲಿ ಮೊದಲ ಸಲ ದ್ಯಾಮಕ್ಕ ನಕ್ಕಳು.

ಪುಟದ ಕೆಳಗೆ ಉದಾಹರಣೆಗೆಂದು ಬರೆದಿದ್ದ ಇಂಗ್ಲಿಷ್ ಸಾಲಿನ ಕನ್ನಡ ಅರ್ಥವನ್ನು ಹುಡುಗಿ ಮೆಲ್ಲಗೆ ಓದಿದಳು: “ಅಕ್ಕನ ಕೈಯಲ್ಲಿ ಇದ್ದಷ್ಟು ದಿನ ನಾನು ಹಸಿದವನಲ್ಲ.”

ದ್ಯಾಮಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು, ದೇವಿ ನೆಲೆಸಿದ ಉಚ್ಚಂಗಿ ಬೆಟ್ಟದ ದಿಕ್ಕಿಗೆ ಕೈಮುಗಿದಳು.

“ತಾಯಿ ಉಚ್ಚೆಂಗೆಮ್ಮ, ಅವನು ಬಿಟ್ಟುಹೋಗಿದ್ದು ಸೇರಬೇಕಾದೋರಿಗೆ ಸೇರ್ತು. ಇನ್ನ ಅವನು ಹಿಂದಕ್ಕ ತಿರುಗಿ ನೋಡದಂಗ ಕರಕೊಂಡು ಹೋಗವ್ವ. ನನ್ನ ತಮ್ಮಗ ನಿನ್ನ ಉಡಿಯಾಗ ನೆಮ್ಮದಿ ಕೊಡು.”