ಟ್ಯಾಂಕಿನ ಮೇಲಿನ ಜಾಗ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಅವತ್ತು ನಾವಿಬ್ಬರೂ ಬೇರೆ ಬೇರೆ ಹೋದೆವು. ನನ್ನ ಗಂಡ ಮಲ್ಲಿಕಾರ್ಜುನಸ್ವಾಮಿ ಬೈಕಿನಲ್ಲಿ, ನಾನು ಬಸ್ಸಿನಲ್ಲಿ. ತೆರಕಣಾಂಬಿ ದಾಟುವವರೆಗೂ ಬೈಕು ಒಮ್ಮೆ ಬಸ್ಸಿನ ಮುಂದೆ, ಒಮ್ಮೆ ಹಿಂದೆ ಬರುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯಾಚೆ ನೋಡಿ, “ಆ ಬೈಕ್‌ನವ್ರು ಆಗ್ಲಿಂದ ನಿನ್ನೇ ನೋಡ್ತಾವ್ರಲ್ಲವ್ವ, ಗೊತ್ತಿರೋರಾ?” ಎಂದಳು.

“ನಮ್ಮನೆಯವ್ರು.”

“ಅಯ್ಯ! ಗಾಡಿ ಹಿಂದ್ಗಡ ಸೀಟು ಖಾಲಿ ಮಡಿಕಂಡು ಟಿಕೀಟ್ ತಕ್ಕಂಡಿದ್ದಯಲ್ಲ, ಜಗಳವಾ?” ಎಂದು ನಕ್ಕಳು. ನಾನು ನಗಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡಳು.

ಜಗಳವೇನೂ ಇರಲಿಲ್ಲ. ಜಗಳವಾಗಿದ್ದರೆ ಮುಗಿದಿರುತ್ತಿತ್ತು.

ಅದು ಎರಡು ಸಾವಿರದ ಐದರ ಜುಲೈ. ನಮ್ಮ ಮಗಳು ಬಿಂದುಶ್ರೀ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವಳಿಗೆ ನಾಲ್ಕು ವರ್ಷ. ಭಾನುವಾರ ಅಪ್ಪನ ಜೊತೆ ಅಜ್ಜಿಯನ್ನು ನೋಡಲು ಭೀಮನಬೀಡಿಗೆ ಹೋದವಳು ವಾಪಸು ಬರುವಾಗ ಮಳೆಯಲ್ಲಿ ನೆನೆದಳು. ಮಂಗಳವಾರ ಜ್ವರ. ಒಂಬತ್ತನೆಯ ದಿನ ಮೈಸೂರಿನ ಆಸ್ಪತ್ರೆಯಿಂದ ಅವಳನ್ನು ಬಟ್ಟೆಯಲ್ಲಿ ಸುತ್ತಿ ತಂದೆವು. ಮೆದುಳು ಜ್ವರ, ಸೊಳ್ಳೆಯಿಂದ ಬರುವುದು, ಮಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎರಡು ಸಲ ಬಿಡಿಸಿ ಹೇಳಿದರು. ತಲೆ ಒಪ್ಪಿಕೊಂಡಿತು. ಆದರೆ ಒದ್ದೆ ಫ್ರಾಕಿನಲ್ಲಿ, ಬೈಕಿನ ಟ್ಯಾಂಕಿನ ಮೇಲೆ, ಹಲ್ಲು ಕಟಕಟಿಸುತ್ತ ಮನೆ ಮುಂದೆ ಬಂದಿಳಿದ ಮಗು ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ ನಾನು. ಅವರ ಗಾಡಿ ಹತ್ತುವುದನ್ನು ಬಿಟ್ಟೆ. ಹಾಗೆ ಬಿಟ್ಟದ್ದು ಯಾವ ಮಾತಿಗಿಂತಲೂ ಜೋರಾಗಿ ಕೇಳಿಸುತ್ತದೆಂದು ನನಗೆ ಗೊತ್ತಿತ್ತು.

ಟ್ಯಾಂಕು ಅವಳ ಜಾಗವಾಗಿತ್ತು. ಎರಡು ಕೈಯಲ್ಲಿ ಎರಡು ಕನ್ನಡಿಯ ಕಂಬಿ ಹಿಡಿದು, ಎಮ್ಮೆ ಕಂಡರೆ ಹಾರ್ನ್ ಒತ್ತುತ್ತ ಕೂರುತ್ತಿದ್ದಳು. ಸ್ವಾಮಿಯವರಿಗೆ ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸ. ಬಿಲ್ಲಿನ ಮಿಷನ್ನು, ಪೇಪರ್ ರೋಲು, ಬುತ್ತಿ ಎಲ್ಲ ಒಂದು ಚೀಲದಲ್ಲಿ ಹೆಗಲ ಮೇಲೆ ಹೊತ್ತು ದಿನಕ್ಕೆ ನೂರಾರು ಮನೆ ತಿರುಗುವವರು. ಜೊತೆಯವರೆಲ್ಲ ಟ್ಯಾಂಕಿಗೆ ಬ್ಯಾಗು ಹಾಕಿಸಿಕೊಂಡಿದ್ದರು. ಇವರು ಮಾತ್ರ, “ನಮ್ ಬಿಂದು ಎಲ್ಲಿ ಕೂತ್ಕತಾಳ?” ಎಂದು ಹಾಕಿಸಿರಲಿಲ್ಲ. ಈಗ ಬಲ ಹೆಗಲು ಎತ್ತಲಾಗದ ಹಾಗೆ ನೋಯುತ್ತಿತ್ತು. ಹಿಂದಿನ ವಾರ ಊಟ ಮಾಡುತ್ತ ತಟ್ಟೆ ನೋಡಿಕೊಂಡೇ, “ಟ್ಯಾಂಕ್ ಬ್ಯಾಗ್ ಹಾಕಿಸನ ಅಂತಿದ್ದೀನಿ. ನೀನು ಬಂದು ಆರಿಸಿದ್ರೆ ಮಾತ್ರ. ಇಲ್ದಿದ್ರೆ ಬ್ಯಾಡ” ಎಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಆಗಲಿ ಎನ್ನಲೂ ಬರಲಿಲ್ಲ. ಬಸ್ಸು ಹತ್ತಿ ಬಂದೆ.

ಸೀಟ್ ಕವರ್ ಹೊಲಿಯುವ ಪುಟ್ಟಮಾದಯ್ಯನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಮುದುಕ. ಬಾಯಿ ತುಂಬ ಎಲೆಅಡಿಕೆ, ಕಾಲಡಿ ರೆಕ್ಸಿನ್ ತುಂಡುಗಳು. ಮೊದಲು ಒಂದು ದೊಡ್ಡ ಬ್ಯಾಗು ತೆಗೆದ. ಮೇಲೆ ಮಳೆ ತಾಗದ ಹಾಗೆ ನಕ್ಷೆ ಇಡಲು ಪ್ಲಾಸ್ಟಿಕ್ಕಿನ ಕಿಟಕಿ.

“ಊಟಿಗೋಗೋ ಹುಡುಗ್ರು ಕೇಳ್ತವ. ನಿಮ್ಗ್ಯಾಕ್ ಸಾಮಿ ನಕ್ಷೆ? ಮೀಟರ್‌ನೋರ್ನ ಕಂಡ್ರೆ ಬೀದಿ ನಾಯ್ಗಳೇ ಮನೆಗಂಟ ಕಳಿಸ್ಕೊಡ್ತವ.”

ಸ್ವಾಮಿ ಅದನ್ನು ಟ್ಯಾಂಕಿನ ಮೇಲಿಟ್ಟು ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಬ್ಯಾಗಿನ ಮೂಲೆ ಹಾರ್ನಿಗೆ ತಾಗಿ ಕೀಂಯ್ ಎಂದಿತು. ಇಬ್ಬರೂ ಬೆಚ್ಚಿದೆವು. ಪುಟ್ಟಮಾದಯ್ಯನಿಗೆ ಅದು ತಿಳಿಯುವಂಥದ್ದಲ್ಲ. “ಇದು ಆಗಾಕಿಲ್ಲ ಬುಡಿ” ಎಂದು ಎತ್ತಿಟ್ಟ. ಎರಡನೆಯದು ಅಯಸ್ಕಾಂತದ್ದು, ಟ್ಯಾಂಕಿಗೆ ತಾನೇ ಕಚ್ಚಿಕೊಳ್ಳುವುದು. ಬಿಲ್ಲಿನ ಮಿಷನ್ನು ಕೆಟ್ಟೀತೆಂದು ಸ್ವಾಮಿಗೆ ಹೆದರಿಕೆ. ಮೂರನೆಯದು ಸಾದಾ ಕಪ್ಪು ರೆಕ್ಸಿನ್ನಿನದು, ಎತ್ತರ ಕಡಿಮೆ, ನಾಲ್ಕು ಬೆಲ್ಟು. ಅದನ್ನು ಕೈಯಲ್ಲಿ ಹಿಡಿದು ಮುದುಕ ಕೇಳಿದ:

“ಮುಂದ್ಗಡ ಮಕ್ಳ ಕೂರಿಸ್ಕತೀರಾ? ಕೂರಿಸ್ಕಳಂಗಿದ್ರೆ ಬ್ಯಾಗ್ ಬ್ಯಾಡ. ಜಿಪ್ಪು ತೊಡ ಕುಯ್ತದ. ಬರೀ ಮೆತ್ತನೆ ಕವರ್ ಹೊಲ್ಕೊಡ್ತೀನಿ.”

“ಇಲ್ಲ” ಎಂದರು ಸ್ವಾಮಿ.

“ಹೂಂ, ಕೂರ್ತಾಳೆ” ಎಂದೆ ನಾನು.

ಎರಡೂ ಮಾತು ಒಟ್ಟಿಗೇ ಬಂದವು. ಮುದುಕ ಅವರನ್ನು ನೋಡಿದ, ನನ್ನನ್ನು ನೋಡಿದ. “ಮನೇಲ್ ಮಾತಾಡ್ಕಂಡ್ ಬರಾದಲ್ವ” ಎನ್ನುತ್ತ ನಗಲು ಹೋದವನು, ಸ್ವಾಮಿಯವರ ಮುಖ ಕಂಡು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕುಳಿತ.

“ಬಾ, ಹೋಗನ. ಏನೂ ಬ್ಯಾಡ” ಎಂದರು ಸ್ವಾಮಿ. ಚೀಲವನ್ನು ನೋಯುವ ಹೆಗಲಿಗೇ ಏರಿಸಿ ಬೈಕಿನ ಮೇಲೆ ಕುಳಿತರು.

ಎಂಟು ತಿಂಗಳಲ್ಲಿ ಅವರು ಗಾಡಿಯ ಮೇಲೆ ಕೂರುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸೀಟಿನ ಅರ್ಧಕ್ಕೂ ಹಿಂದೆ ಸರಿದು, ಮೊಣಕೈ ಎರಡೂ ಅಗಲ ಮಾಡಿ, ಮೊಣಕಾಲು ಹೊರಕ್ಕೆ ಚಾಚಿ ಕುಳಿತಿದ್ದರು. ಮಧ್ಯದಲ್ಲಿ ಒಂದು ಮಗು ಕೂರುವಷ್ಟು ಜಾಗ. ದಿನವೂ ಅಷ್ಟು ಮನೆಗಳನ್ನು ಹೀಗೆಯೇ ಕುಳಿತು ಸುತ್ತುತ್ತಿದ್ದಾರೆ. ಹೆಗಲ ನೋವು ಚೀಲದ ಭಾರದ್ದೊಂದೇ ಅಲ್ಲ.

ನಾನು ಒಳಗೆ ಹೋಗಿ, “ಅಯ್ಯಾ, ಆ ಬೆಲ್ಟಿಂದು ಹಾಕಿ” ಎಂದೆ.

ಮುದುಕ ಎದ್ದು ಬಂದ. ಬಣ್ಣ ಕೆಡದಿರಲೆಂದು ಬ್ಯಾಗಿನಡಿ ತೆಳು ಸ್ಪಂಜು ಹಾಕಿ, ಬೆಲ್ಟು ಬಿಗಿದು, ಹ್ಯಾಂಡಲ್ಲನ್ನು ಎರಡೂ ಕಡೆ ತಿರುಗಿಸಿ ತೋರಿಸಿದ. ಎಲ್ಲೂ ತಾಗಲಿಲ್ಲ.

“ಬಸ್ ಸ್ಟ್ಯಾಂಡ್‌ಗೆ ಬಿಡ್ಲಾ?” ಎಂದರು ಸ್ವಾಮಿ.

ನಾನು ಹಿಂದೆ ಹತ್ತಿ ಕುಳಿತೆ. ಬಸ್ ಸ್ಟ್ಯಾಂಡು ಬಂತು. ಅವರು ನಿಲ್ಲಿಸಲಿಲ್ಲ.

ದಾರಿಯುದ್ದ ಚೆಂಡು ಹೂವಿನ ಹೊಲಗಳು. ತೆರಕಣಾಂಬಿಯ ಆಚೆ ಪೆಟ್ರೋಲ್ ಬಂಕಿನಲ್ಲಿ ನಿಂತೆವು. ಟ್ಯಾಂಕಿನ ಮುಚ್ಚಳ ಬ್ಯಾಗಿನ ಕೆಳಗಿತ್ತು. ಸ್ವಾಮಿ ಬೆಲ್ಟು ಬಿಚ್ಚಿ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಬಿಲ್ಲಿನ ಮಿಷನ್ನು ಆಗಲೇ ಅದರೊಳಗೆ ಸೇರಿತ್ತು, ಭಾರವಿತ್ತು. ನನಗೆ ತಿಳಿಯದೆಯೇ ಸೊಂಟಕ್ಕೆ ಇಟ್ಟುಕೊಂಡಿದ್ದೆ. ರೆಕ್ಸಿನ್ನು ಬಿಸಿಲಿಗೆ ಬೆಚ್ಚಗಾಗಿತ್ತು. ಎಂಟು ತಿಂಗಳು ಹಲ್ಲು ಕಚ್ಚಿ ಹಿಡಿದದ್ದು ಅಲ್ಲಿ, ಪೆಟ್ರೋಲಿನ ವಾಸನೆಯಲ್ಲಿ, ಬಾಯಿಂದ ಬಿತ್ತು.

“ಅವತ್ತು ಮಳೇಲಿ ಎಲ್ಲಾದ್ರೂ ನಿಲ್ಲಬೋದಿತ್ತಲ್ಲ ನೀವು?”

ಅವರು ತಿರುಗಲಿಲ್ಲ. “ನಿಂತಿದ್ದೆ. ಹುಣಸೆ ಮರದ ಕೆಳಗ. ನಡುಗಕ್ಕೆ ಶುರು ಮಾಡುದ್ಲು. ಮನೆ ಇಲ್ಲೇ ಅಲ್ವ ಅಂತ ಹೊರಟುಬುಟ್ಟೆ.” ಟ್ಯಾಂಕಿನ ಮುಚ್ಚಳ ಹಾಕುತ್ತ, “ಕರ್ಕಂಡೇ ಹೋಗಬಾರ್ದಾಗಿತ್ತು. ನಂದೇ ತಪ್ಪು” ಎಂದರು.

ಆ ಮಾತು ಕೇಳಲು ನಾನು ಎಂಟು ತಿಂಗಳು ಕಾದಿದ್ದೆ. ಕೇಳಿದ ಕೂಡಲೇ ಆ ಭಾನುವಾರದ ಬೆಳಗು, ನಾನು ಒಮ್ಮೆಯೂ ತೆರೆದು ನೋಡದ ಭಾಗ, ಎದುರಿಗೆ ಬಂದು ನಿಂತಿತು. ಮನೆ ತುಂಬ ಒಗೆಯುವ ಬಟ್ಟೆ. ಬಿಂದು ನನ್ನ ಸೆರಗು ಹಿಡಿದು ರಚ್ಚೆ ಮಾಡುತ್ತಿದ್ದಳು. ಸ್ವಾಮಿ ಆಕಾಶ ನೋಡಿ, “ಮೋಡ ಆಗದ, ಮಗು ಬ್ಯಾಡ” ಎಂದಿದ್ದರು. “ಕರ್ಕೊಂಡೋಗ್ರಿ ಅತ್ಲಾಗೆ, ಒಂದ್ ಗಳಿಗೆ ನೆಮ್ಮದಿಯಾಗಿರ್ತೀನಿ” ಎಂದವಳು ನಾನು. ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳನ್ನು ಎತ್ತಿ ಟ್ಯಾಂಕಿನ ಮೇಲೆ ಕೂರಿಸಿದವಳೂ ನಾನೇ.

“ನಾನಲ್ವೇನ್ರಿ ಅವಳನ್ನ ಎತ್ತಿ ಕೂರಿಸಿದ್ದು?”

ಸ್ವಾಮಿ ಬ್ಯಾಗಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

“ಹೂಂ” ಎಂದರು.

“ನಿಮಗೆ ನೆನಪಿತ್ತಾ?”

“ಇತ್ತು.”

“ಒಂದಿನಾನೂ ಅನ್ನಲಿಲ್ಲವಲ್ಲ.”

“ನಿಂಗೆ ಕ್ವಾಪ ಮಾಡ್ಕಳಕ್ಕೆ ಒಬ್ರು ಬೇಕಾಗಿತ್ತು ಕಣ ಮೀನಾ” ಎಂದರು. “ನಾನ್ ಇದ್ನಲ್ಲ.”

ಹಿಂದಿನಿಂದ ಯಾರೋ, “ಗಾಡಿ ಮುಂದ್ಕ ತಗೀರಣ್ಣ” ಎಂದು ಕೂಗಿದರು. ಅವರು ನನ್ನ ಕೈಯಿಂದ ಬ್ಯಾಗನ್ನು ಮೆಲ್ಲಗೆ ಬಿಡಿಸಿಕೊಂಡು, ಬೆಲ್ಟು ಒಂದೊಂದಾಗಿ ಬಿಗಿದರು. ನಾನು ಹತ್ತಿದೆ. ಗಾಡಿ ಗುಂಡ್ಲುಪೇಟೆಯ ಕಡೆ ಹೊರಟಿತು. ನಾನು ಅಳುತ್ತಿದ್ದದ್ದು ಅವರ ಬೆನ್ನಿಗೆ ಗೊತ್ತಾಗಿರಬೇಕು. ಗಾಡಿಯನ್ನು ನಿಧಾನ ಮಾಡಿದರು, ನಿಲ್ಲಿಸಲಿಲ್ಲ.