ಒಳಕೋಣೆಯ ಕೆಂಪು ದೀಪ

"ಮನೇಲಿ ಎಷ್ಟು ಜನ ಯಜಮಾನ್ರೆ?" ಕಳ್ಳರ ಅಲಾರಂ ಹಾಕಲು ಚನ್ನಪಟ್ಟಣದಿಂದ ಬಂದಿದ್ದ ನಜೀರ್ ಬಾಗಿಲು ಅಳೆಯುತ್ತ ಕೇಳಿದ.

"ಇಬ್ರು. ನಾನು, ನಮ್ಮನೆಯೋಳು. ಒಳ್ಗೆ ಮಲ್ಗವ್ಳೆ," ಎಂದ ಗವಿಸಿದ್ದಯ್ಯ.

ಹೆಂಡತಿ ವಿಮಲಮ್ಮ ತೀರಿಕೊಂಡ ಮೇಲೆ ಅವನು ರಾಮನಗರದಾಚೆಯ ಈ ಬಡಾವಣೆಗೆ ಒಬ್ಬನೇ ಬಂದಿದ್ದ. ಸುತ್ತ ಇದ್ದವರೆಲ್ಲ ಹೊಸ ಫ್ಯಾಕ್ಟರಿಗಳ ಶಿಫ್ಟಿನವರು. ಹಗಲಲ್ಲಿ ಬೀದಿಗೆ ಬೀದಿಯೇ ಖಾಲಿ. ಪಕ್ಕದ ಮನೆಗೆ ಕಳ್ಳರು ನುಗ್ಗಿದಂದಿನಿಂದ, ಪೈಪಿನ ಅಂಗಡಿಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು "ವಿಮಲೂ, ಚಿಲ್ಕ ಹಾಕ್ಕಳೆ" ಎಂದು ಕೂಗುವುದು, ಆಮೇಲೆ ತಲೆಯನ್ನಷ್ಟೇ ಒಳಗೆ ತೂರಿಸಿ "ಊಂ, ಕೇಳುಸ್ತು ಹೋಗ್ರೀ" ಎಂದು ಅವಳ ಮೂಗುದನಿಯಲ್ಲಿ ತಾನೇ ಉತ್ತರಿಸುವುದು ರೂಢಿಯಾಗಿತ್ತು. ಒಬ್ಬನೇ ಇರುವುದು ಯಾರಿಗೂ ಗೊತ್ತಾಗಬಾರದು. ಮನೆಯ ಮೂಲೆಮೂಲೆ ನೋಡಿಹೋಗುವ ಇವನಿಗಂತೂ ಗೊತ್ತಾಗಲೇಬಾರದು.

"ವೈರಿಂದು ಹಾಕ್ಲಾ, ವೈರ್‌ಲೆಸ್ಸಾ? ವೈರಾದ್ರೆ ಗೋಡೆ ಕೊರೀಬೇಕು. ಇನ್ನೊಂದು ಅಂಟ್ಸೋದಷ್ಟೇ, ಆದ್ರೆ ಆಗಾಗ ಸೆಲ್ ಬದ್ಲಾಯಿಸ್ಬೇಕು."

"ವೈರ್‌ಲೆಸ್ ಹಾಕ್ಸುದ್ರೆ ವೈರಿಗಳು ಲೆಸ್ಸಾಯ್ತಾರಾ?" ನಜೀರ್ ನಕ್ಕ. "ನಂಗೆ ವೈರೇ ಸರಿ ಕಣಪ್ಪ. ಕಣ್ಗೆ ಕಾಣೋದ್ನ ನಂಬಬೋದು. ತಡಿ, ಇವ್ಳ್ನೊಂದು ಮಾತು ಕೇಳ್ಬುಡ್ತೀನಿ."

ಗವಿಸಿದ್ದಯ್ಯ ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡ.

"ಗ್ವಾಡೆ ಕೊರುಸ್ಬ್ಯಾಡಿ ಕಣ್ರೀ," ಮೂಗುದನಿ ಕೇಳಿಸಿತು. "ಆ ಧೂಳ ಯಾರು ಗುಡುಸ್ತಾರೆ?"

"ಅಲ್ಲ ಕಣೇ, ಸೆಲ್ಲು ಹೋದ್ರೆ?"

"ಹಾಕಕ್ಕೆ ನಿಮ್ಗೇನು ಕೈಯಿಲ್ವಾ?"

ಗವಿಸಿದ್ದಯ್ಯ ಎಂದಿನಂತೆ ಸೋತು ಹೊರಬಂದ. "ಅಂಟ್ಸೋದೇ ಹಾಕಪ್ಪ. ಒಳಗಿಂದು ನಾನೇ ಅಂಟುಸ್ತೀನಿ."

ಎಲ್ಲ ಮುಗಿದ ಮೇಲೆ ಇಬ್ಬರೂ ಹಜಾರದ ಗೋಡೆಗೆ ಹಾಕಿದ್ದ ಅಲಾರಂ ಡಬ್ಬಿಯ ಮುಂದೆ ನಿಂತರು. ಒಂದೊಂದು ಕೋಣೆಗೆ ಒಂದೊಂದು ದೀಪ; ಆ ಕೋಣೆಯಲ್ಲಿ ಯಾರಾದರೂ ಓಡಾಡಿದರೆ ಹತ್ತುವಂಥದು.

"ಅಮ್ಮಾವ್ರಿಗೆ ಎದ್ದು ಒಸಿ ಓಡಾಡಕ್ಕೇಳಿ. ಒಳಕೋಣೆ ದೀಪ ಹತ್ಬೇಕು."

ಗವಿಸಿದ್ದಯ್ಯ ಒಳಕೋಣೆಯತ್ತ ತಿರುಗಿದ. "ವಿಮಲೂ, ಒಸಿ ಓಡಾಡೇ," ಎಂದ. ಈ ಸಲ ಉತ್ತರ ಬರುವಂತಿರಲಿಲ್ಲ. ನಜೀರ್ ಪಕ್ಕದಲ್ಲೇ ನಿಂತಿದ್ದ. ದೀಪ ಹತ್ತಲಿಲ್ಲ.

ನಜೀರ್ ಅವನ ಮುಖ ನೋಡಿದ. ಬಾಗಿಲ ಬಳಿಯಿದ್ದ ಒಂದೇ ಜೊತೆ ಚಪ್ಪಲಿ ನೋಡಿದ.

"ನೀವು ಇಲ್ಲೇ ದೀಪ ನೋಡ್ತಿರಿ ಯಜಮಾನ್ರೆ," ಎಂದು ತಾನೇ ಒಳಗೆ ಹೋದ.

ಕೆಂಪು ದೀಪ ಹತ್ತಿತು.

"ಬಂತಾ?" ಒಳಗಿಂದ ನಜೀರ್ ಕೂಗಿದ. "ಅಮ್ಮಾವ್ರು ಓಡಾಡ್ತಾವ್ರೆ, ನೋಡ್ಕಳಿ."

ದೀಪ ಆರಿತು.

"ಇನ್ನೊಂದ್ಸಲ," ಎಂದ ಗವಿಸಿದ್ದಯ್ಯ.