ಬದಲಿ ತೋಳು

ಲಾಂಡ್ರಿಯ ದೊಡ್ಡ ಬೆಡ್‌ಶೀಟುಗಳನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಆ ತುದಿಗೊಬ್ಬರು, ಈ ತುದಿಗೊಬ್ಬರು ಬೇಕು. ಒಂದೇ ಮನೆಯ ಓರಗಿತ್ತಿಯರಿಬ್ಬರು ಆರು ವರ್ಷ ಹಾಗೆ ಎದುರುಬದುರು ನಿಂತು ಮಡಿಸಿದ್ದರು. ಮನೆಯ ಗುಟ್ಟುಗಳೆಲ್ಲ ಆ ಶೀಟಿನ ಮರೆಯಲ್ಲೇ ಹೊರಬರುತ್ತಿದ್ದವು.

"ಅಕ್ಕಾ, ಈ ತಿಂಗಳು ಹೇಗೋ ಪಾರಾದೆ," ಎಂದಳು ಚಿಕ್ಕವಳು ಒಂದು ದಿನ. ಅವಳಿಗೆ ಆಗಲೇ ಮೂರು ಮಕ್ಕಳು. "ಮುಂದಿನ ತಿಂಗಳ ಗ್ಯಾರಂಟಿ ಇಲ್ಲ."

"ಆಸ್ಪತ್ರೆಗೆ ಹೋಗಿ ಮಕ್ಕಳಾಗದ ಹಾಗೆ ಮಾತ್ರೆ ತಗೊಳ್ಳೇ."

"ನಿಮ್ಮ ಮೈದುನ ಬಿಟ್ರೆ ತಾನೇ? ಆ ಸಾಲಲ್ಲಿ ಕೂತ್ರೆ ಬೀದಿಯವರೆಲ್ಲ ನೋಡ್ತಾರಂತೆ. ಮೂರು ಮಕ್ಕಳನ್ನ ಬೀದಿಯವರು ನೋಡಿಲ್ವಾ ಅಂದೆ. ಮುಖ ಊದಿಸ್ಕೊಂಡು ಕೂತ್ರು."

ಇಬ್ಬರೂ ನಕ್ಕರು. "ನಾನು ಹೋಗ್ತೀನಿ ಬಿಡು," ಎಂದಳು ದೊಡ್ಡವಳು. "ನನಗೇ ಅಂತ ಕೇಳ್ತೀನಿ."

ಹೋದಳು. ನರ್ಸ್ ಅವಳ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಬೀಡಿ, ಸಿಗರೇಟು? ಇಲ್ಲ. ತಲೆನೋವು ಬರುತ್ತಾ, ಬರೋ ಮುಂಚೆ ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗುತ್ತಾ? ಚಿಕ್ಕವಳು ತಿಂಗಳಿಗೆರಡು ಸಲ "ಬೆಳಕು ಕುಣೀತಿದೆ ಅಕ್ಕಾ" ಎಂದು ಶೀಟಿನ ರಾಶಿಗೆ ಒರಗುತ್ತಿದ್ದುದು ದೊಡ್ಡವಳಿಗೆ ನೆನಪಾಯಿತು. ಹೇಳಿದರೆ ಮಾತ್ರೆ ಕೊಡಲಿಕ್ಕಿಲ್ಲ ಎಂದುಕೊಂಡಳು. ಇಲ್ಲ ಎಂದಳು. ತಿಂಗಳು ತಿಂಗಳೂ ಮಾತ್ರೆ ತಂದು ಚಿಕ್ಕವಳ ಕೈಗಿಟ್ಟಳು.

ಐದನೇ ತಿಂಗಳು, ಒಂದು ಮಧ್ಯಾಹ್ನ, ಶೀಟಿನ ಆ ತುದಿ ಜಾರಿ ನೆಲಕ್ಕೆ ಬಿತ್ತು. "ಹಿಡ್ಕೊಳ್ಳೇ, ನಿದ್ದೆನಾ?" ಎಂದು ದೊಡ್ಡವಳು ಗದರಿದಳು. ಚಿಕ್ಕವಳ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ದೊಡ್ಡವಳು ಡಾಕ್ಟರ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ಅವರು ಕೂಗಾಡಲಿಲ್ಲ. "ಮೆದುಳಿನ ರಕ್ತನಾಳ ಕಟ್ಟಿದೆ. ಮಾತ್ರೆ ಕೆಟ್ಟದ್ದಲ್ಲಮ್ಮ, ಎಷ್ಟೋ ಜನ ತಗೊಂಡು ಚೆನ್ನಾಗಿದ್ದಾರೆ. ಈ ಥರ ತಲೆನೋವು ಇರೋರಿಗೆ ಈ ಮಾತ್ರೆ ಕೊಡಲ್ಲ, ಅಷ್ಟೇ. ಇವರಿಗೆ ಕಾಪರ್-ಟಿ ಹಾಕಬಹುದಿತ್ತು. ಗಂಡನಿಗೆ ಕಾಂಡೋಮ್ ಇತ್ತು, ಸಣ್ಣ ಆಪರೇಷನ್ ಇತ್ತು. ಒಂದು ಸಲ ಇವರೇ ಬಂದಿದ್ರೆ ಸಾಕಿತ್ತು."

ಗಂಡ ಗೋಡೆಗೆ ತಲೆ ಆನಿಸಿ ನಿಂತಿದ್ದ. "ಅತ್ತಿಗೆ, ನೀವ್ಯಾಕೆ ತಂದ್ಕೊಟ್ರಿ?"

"ನೀನ್ಯಾಕೆ ಅವಳನ್ನ ಕಳಿಸ್ಲಿಲ್ಲ?"



ಚಿಕ್ಕವಳು ಬದುಕಿದಳು. ಬಲಗೈ ಹೋಯಿತು, ಮಾತು ಹೋಯಿತು. ಒಂದೇ ಒಂದು ಪದ ಉಳಿಯಿತು: ಅಕ್ಕ. ನೀರಿಗೂ ಅಕ್ಕ, ನೋವಿಗೂ ಅಕ್ಕ. ಕಿರಿಮಗಳನ್ನು ಹತ್ತಿರ ಕರೆಯಲೂ ಅಕ್ಕ. ಮಗು ಮೊದಮೊದಲು ನಗುತ್ತಿತ್ತು. ಈಗ ತಿರುಗಿ ನೋಡುವುದಿಲ್ಲ.

ಲಾಂಡ್ರಿಯಲ್ಲಿ ಆ ತುದಿಗೆ ಹೊಸ ಹುಡುಗಿ ಬಂದಳು. ಮದುವೆಯಾಗಿ ಎರಡು ವರ್ಷ, ಮನೆಯಲ್ಲೊಂದು ಕೂಸು. ಒಂದು ದಿನ ಶೀಟಿನ ಮರೆಯಿಂದ ಪಿಸುಗುಟ್ಟಿದಳು. "ಅಕ್ಕಾ, ಆಸ್ಪತ್ರೆ ಕಡೆ ಹೋದಾಗ ನಂಗೂ ಮಾತ್ರೆ ತಂದ್ಕೊಡ್ತೀರಾ? ನಂಗೆ ನಾಚಿಕೆ."

ದೊಡ್ಡವಳು ಶೀಟನ್ನು ಅರ್ಧ ಮಡಿಕೆಯಲ್ಲೇ ಕೆಳಗಿಟ್ಟಳು. "ಚಪ್ಪಲಿ ಹಾಕ್ಕೋ."

"ಈಗ್ಲಾ? ಮೇಸ್ತ್ರಿ ಬೈತಾನೆ."

"ಬೈಸ್ಕೊಳ್ಳೋಣ, ನಡಿ."

ಅದೇ ಕೋಣೆ, ಅದೇ ನರ್ಸ್. ಹುಡುಗಿಯ ತೋಳಿಗೆ ಪಟ್ಟಿ ಸುತ್ತಿ ಕೇಳಿದಳು: "ತಲೆನೋವು ಬರುತ್ತಾ?" ಹುಡುಗಿ ನೀವೇ ಹೇಳಿ ಎನ್ನುವಂತೆ ದೊಡ್ಡವಳ ಮುಖ ನೋಡಿದಳು.

ದೊಡ್ಡವಳು ಎದ್ದು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಒಳಗೆ ಹುಡುಗಿ ತಡವರಿಸಿದಳು, ಕೆಮ್ಮಿದಳು, ಆಮೇಲೆ ಮಾತಾಡತೊಡಗಿದಳು. ಒಂದರ ಹಿಂದೊಂದು ಮಾತು, ಬೇರೆ ಬೇರೆ ಮಾತು. ಏನು ಹೇಳುತ್ತಿದ್ದಾಳೆಂದು ಬೆಂಚಿನ ಮೇಲೆ ಕೂತಿದ್ದ ದೊಡ್ಡವಳಿಗೆ ತಿಳಿಯುತ್ತಿರಲಿಲ್ಲ. ಆ ದನಿ ನಿಲ್ಲದಿದ್ದರೆ ಸಾಕು ಎನಿಸಿತು.